ಅಡ್ಡಿ ಏನೂ ಇಲ್ರಿ

"ಅಡ್ಡಿ?" ಸಂಗಮೇಶ ಕೇಳಿದ.

"ಏನೂ ಇಲ್ರಿ ಸರ," ಎಂದಳು ಭುವನೇಶ್ವರಿ.

ಅಕೀಲನಿಗೂ ಇರಲಿಲ್ಲ. ಹುಚ್ಚೇಶನಿಗಂತೂ ಹುಟ್ಟಿದಾಗಿನಿಂದ ಅಡ್ಡಿಯೇ ಬಂದಂತಿರಲಿಲ್ಲ.

ಇಳಕಲ್ಲಿನ ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಾಲ್ವರೂ ನಿಂತಿದ್ದರು. ದಿನಾ ಮುಂಜಾನೆ ನಿಂತೇ ಮಾತಾಡಬೇಕು: ನಿನ್ನೆ ಏನಾಯಿತು, ಇಂದೇನು, ಅಡ್ಡಿ ಏನು. ಅದು ಸಾಫ್ಟ್‌ವೇರ್ ಮಂದಿಯ ಅಜೈಲ್ ಪದ್ಧತಿ. ಸೀರೆ ಮಾರುವ ಆ್ಯಪನ್ನು ತುಸು ತುಸುವೇ ಕಟ್ಟುವುದು, ತೋರಿಸುವುದು, ತಿದ್ದುವುದು. ಸಂಗಮೇಶ ಮಾತ್ರ ಏನನ್ನೂ ಕಟ್ಟುತ್ತಿರಲಿಲ್ಲ. ಉಳಿದವರ ಅಡ್ಡಿ ನಿವಾರಿಸುವುದು ಅವನ ಕೆಲಸ.

ಅಡ್ಡಿಗಳೇ ಇರಲಿಲ್ಲ. ಅದೇ ಅವನ ಭಯ. "ಮೂರು ಮಂದಿ ದುಡೀತಾರ. ನೀ ಏನ್ ಮಾಡ್ತಿ, ನಾಳಿ ಬಂದು ನೋಡ್ತೇನಿ. ಇಟ್ಕೊಳ್ಳೂದೋ ಬಿಡೂದೋ ಆಮ್ಯಾಲ," ಎಂದು ಹಿಂದಿನ ದಿನವೇ ಹೇಳಿದ್ದರು ಮಾಲೀಕ ಚಂದಪ್ಪ.

ಮಧ್ಯಾಹ್ನ ಬಂದರು. ಮೊಬೈಲಿನಲ್ಲಿ ಒಂದು ಸೀರೆ ಆರಿಸಿ ಕೊಳ್ಳುವ ಬಟನ್ ಒತ್ತಿದರು. ಏನೂ ಆಗಲಿಲ್ಲ. ತಿಗಣೆ ಹೊಸಕುವಂತೆ ಮತ್ತೆ ಒತ್ತಿದರು.

"ಅದು ಯುಗಾದಿಕಿಂತ ಮೊದಲ ಸತ್ತೈತ್ರಿ," ಎಂದ ಹುಚ್ಚೇಶ, ವಿನಯದಿಂದ.

ಸಂಗಮೇಶನ ಕಿವಿ ಬಿಸಿಯಾದವು. "ದಿನಾ ಕೇಳ್ತೇನಲ್ಲಲೇ, ಅಡ್ಡಿ ಏನಂತ!"

"ಮುಂಜಾನಿ ಕೇಳ್ತೀರಿ ಸರ," ಎಂದ ಅಕೀಲ. "ಕೆಳಗ ಅಂಗಡ್ಯಾಗ ಇನ್ನೂ ಬೋಣಿಗಿ ಆಗಿರೂದಿಲ್ಲ. ಅಂಥಾ ಹೊತ್ತನ್ಯಾಗ ಅಪಶಕುನ ನುಡೀತಾರೇನ್ರಿ?"

"ಶಾಣ್ಯಾ ಮಂದಿ!" ಚಂದಪ್ಪನವರಿಗೆ ಖುಷಿಯಾಯಿತು. "ಈಗ ಕೇಳಪಾ. ದೀಪ ಹಚ್ಚೂ ಹೊತ್ತಿಗೆ ಮತ್ತ ಕೇಳಬಾರದು."

ಕೇಳಿದ. ಅಡ್ಡಿಗಳು ಒಡ್ಡು ಒಡೆದಂತೆ ಬಂದವು. ಬಟನ್ ಅಂತೂ ಸತ್ತದ್ದೇ. ಕೆಂಪು ಸೀರೆ ಫೋಟೋದಲ್ಲಿ ಕಂದು. ಬಣ್ಣದ ಹೆಸರು ದಿನಕ್ಕೊಂದು. ಸಂಗಮೇಶ ಒಂದೊಂದನ್ನೂ ಹಳದಿ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದ. ಬಹಳ ದಿನಗಳ ಮೇಲೆ ಬದುಕಿದಂತಾಯಿತು.

"ನಿಂದೇನವಾ?"

ಭುವನೇಶ್ವರಿ ಕಾಲ ಬೆರಳು ನೋಡಿದಳು. "ಮುಂಜಾನಿ ನಿಂದರಸ್ತೀರಲ್ರಿ ಸರ, ತಾಸಗಟ್ಲೆ... ಅಷ್ಟರಾಗ ಆ ಬಟನ್ ರಿಪೇರಿ ಆಗ್ತಿತ್ರಿ."

"ಬರಿಯಪಾ," ಎಂದರು ಚಂದಪ್ಪ.

ಚೀಟಿಯಲ್ಲಿ ತನ್ನ ಹೆಸರನ್ನೇ ಬರೆದು ಅಂಟಿಸಿದ: ಸಂಗಮೇಶ. ತನ್ನ ಅಕ್ಷರ ಇಷ್ಟು ದುಂಡಗಿದೆಯೆಂದು ಅವನಿಗೆ ಗೊತ್ತಿರಲಿಲ್ಲ.

ಯಾರಿಗೂ ಕೆಲಸ ಹಂಚಬಾರದು, ನಿವಾರಿಸುವವರು ತಾವೇ ಚೀಟಿ ಎತ್ತಿಕೊಳ್ಳಬೇಕು ಎಂಬ ನಿಯಮ ಅವನೇ ಕಲಿಸಿದ್ದು. ಫೋಟೋ ಹುಚ್ಚೇಶ ಎತ್ತಿಕೊಂಡ. ಬಣ್ಣ ಅಕೀಲ. ಬಟನ್ ಭುವನೇಶ್ವರಿ. ಮೂವರೂ ಹೋಗಿ ತಮ್ಮ ತಮ್ಮ ಜಾಗದಲ್ಲಿ ಕೂತರು.

ಗೋಡೆಯ ಮೇಲೆ ಅವನ ಹೆಸರಿನ ಚೀಟಿಯೊಂದೇ ಉಳಿಯಿತು. ಫ್ಯಾನಿನ ಗಾಳಿಗೆ ಅದರ ಅಂಟೂ ಬಿಟ್ಟು, ನೆಲಕ್ಕೆ ಬಿದ್ದು, ಮಾಲೀಕರು ಕೂತಿದ್ದ ಕುರ್ಚಿಯ ಕಡೆ ಸರಸರ ಹರಿಯಿತು.

ಚಂದಪ್ಪ, ಕಸ ಗುಡಿಸುವವರಿಗೆ ದಾರಿ ಬಿಡುವಂತೆ, ಎರಡೂ ಕಾಲು ಮೇಲೆತ್ತಿಕೊಂಡರು.