ಅಂಚಿನ ಕುಂಕುಮ

"ಅಕ್ಕಗ ನಾವೇ ಹೋಗಿ ಕೊಟ್ಟು ಬರೂಣು. ಅಕ್ಕಲಕೋಟ ದಾಟಿದರ ಅವರೂರು ವಾಗದರಿ, ಏನ್ ಭಾಳ ದೂರ?" ಎಂದ ಸಚಿನ, ಜಾಕೀಟಿನ ಡಬ್ಬಿಗಳಿಗೆ ಟೇಪು ಅಂಟಿಸುತ್ತ.

"ಈಗ ಟೈಮ ಎಲ್ಲೈತ್ರಿ? ಎಲ್ಲಾರ ಸಂಗಟ ಕುರಿಯರ್‌ಗೆ ಹೋಗ್ಲಿ," ಎಂದಳು ಅವನ ಹೆಂಡತಿ ಶುಭಾಂಗಿ.

ಸೋಲಾಪುರದ ಬಟ್ಟೆ ಪ್ರದರ್ಶನ ಹತ್ತಿರ ಬಂದಿತ್ತು. ಗಂಡನ ಮನೆಯವರದು ಶಾಲೆಯ ಯುನಿಫಾರ್ಮಿನ ವ್ಯಾಪಾರ. ಅದರ ನಡುವೆ ಇವಳು ಹಟ ಹಿಡಿದು ಖಣದ ಬಟ್ಟೆಯ ಜಾಕೀಟುಗಳಿಗೆ 'ಶುಭಿ' ಎಂಬ ಸ್ವಂತ ಬ್ರಾಂಡು ಮಾಡಿದ್ದಳು. ಅವಳನ್ನು ಶುಭಿ ಎಂದು ಕರೆಯುವವಳು ಒಡಹುಟ್ಟಿದ ನಂದಕ್ಕ ಒಬ್ಬಳೇ. ಹೊಲಿಗೆ ಕಲಿಸಿದವಳೂ ಅವಳೇ. ಪ್ರದರ್ಶನದಲ್ಲಿ ತಮ್ಮ ಸ್ಟಾಲಿನ ಮೊದಲ ದೀಪ ಅಕ್ಕನೇ ಹಚ್ಚಬೇಕೆಂದು ಎಂದೋ ಮಾತಾಗಿತ್ತು. ಆದರೆ ಪ್ರಚಾರದ ಭರಾಟೆಯಲ್ಲಿ, ತಾನು ಮುಖವನ್ನೂ ನೋಡದ ಇನ್‌ಸ್ಟಾಗ್ರಾಮಿನ ಹುಡುಗಿಯರ ಡಬ್ಬಿಗಳ ಜೊತೆ ಅಕ್ಕನದೂ ಹೊರಟಿತು. ಒಳಗೆ ಅದೇ ಮರಾಠಿ ಚೀಟಿ: ಹಾಕಿಕೊಳ್ಳಿ, ಫೋಟೊ ತೆಗೆಯಿರಿ, ನಮ್ಮ ಹೆಸರು ಸೇರಿಸಿ.

ಪ್ರದರ್ಶನದ ಹಿಂದಿನ ದಿನ ಅಕ್ಕನ ಫೋಟೊ ಬಂತು. ಸೀರೆಯ ಮೇಲೆ ಜಾಕೀಟು ತೊಟ್ಟು, ಆಧಾರ್ ಕಾರ್ಡಿನ ಫೋಟೊಗೆ ಕೂತವಳ ಹಾಗೆ ಮುಖ ಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಶುಭಾಂಗಿಗೆ ನಗು ಬಂತು. ಆಮೇಲೆ ಜಾಕೀಟಿನ ಅಂಚಿಗೆ ಹಚ್ಚಿದ ಕುಂಕುಮ ಕಂಡು ಆ ನಗು ಅಲ್ಲೇ ನಿಂತಿತು. ತವರಿನಲ್ಲಿ ಯಾರಿಗೇ ಹೊಸ ಅರಿವೆ ಕೊಡಲಿ, ಕೊಡುವವರು ತಮ್ಮ ಕೈಯಿಂದ ಅಂಚಿಗೆ ಕುಂಕುಮ ಹಚ್ಚಿ ಕೊಡುತ್ತಿದ್ದರು. ಇದಕ್ಕೆ ಅಕ್ಕ ತಾನೇ ಹಚ್ಚಿಕೊಂಡಿದ್ದಳು.

ಶುಭಾಂಗಿ ಫೋನು ಮಾಡಿದಳು.

"ಚೀಟ್ಯಾಗ ಹೇಳಿದಂಗ ಮಾಡೀನಿ. ಫೋಟೊ ನಡೀತೈತಿಲ್ಲ?" ಎಂದಳು ನಂದಕ್ಕ.

"ಅಕ್ಕಾ, ನನ್ನಿಂದ ತಪ್ಪಾತು. ನಾಳಿಗೆ ದೀಪ ಹಚ್ಚಾಕ ಬಾ. ಗಾಡಿ ಕಳಸ್ತೀನಿ."

"ಬ್ಯಾಡ ಶುಭಾಂಗಿ. ನಿನಗ ಕೆಲಸ ಭಾಳ ಇರತೈತಿ. ನಿನ್ನ ಮಂದ್ಯಾಗ ಯಾರರ ಹಚ್ತಾರ."

ಅಕ್ಕನ ಬಾಯಲ್ಲಿ ತನ್ನ ಪೂರ್ತಿ ಹೆಸರು ಅವಳು ಕೇಳಿದ್ದು ಅದೇ ಮೊದಲು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು. ಅರ್ಧ ದಿನದ ಕೆಲಸ ಬಿಟ್ಟು ಹೋಗಿ ಬಂದಿದ್ದರೆ ಏನು ಮುಳುಗುತ್ತಿತ್ತು?

ಮರುದಿನ ದೀಪ ಸಚಿನ ಹಚ್ಚಿದ. ಶುಭಾಂಗಿ ತನ್ನ ಅಕ್ಕನಿಗೆಂದು ಅವಳ ಅಳತೆಯ ಇನ್ನೊಂದು ಜಾಕೀಟು ತೆಗೆದು, ಅಂಚಿಗೆ ಕುಂಕುಮ ಹಚ್ಚಿ ಸ್ಟಾಲಿನ ಹಿಂಬದಿಯ ಮೊಳೆಗೆ ತೂಗುಹಾಕಿದಳು.

ಮಧ್ಯಾಹ್ನ ದುಧನಿಯ ವ್ಯಾಪಾರಿಯೊಬ್ಬ ಬಂದು ಅದನ್ನೇ ಇಳಿಸಿ ನೋಡಿದ. "ಮಾಲ ಚಲೋ ಐತ್ರಿ. ಇದರ ಅಂಚಿಗಷ್ಟ ಕೆಂಪು ಡಾಗ ಬಿದ್ದೈತಿ, ಬ್ಯಾರೆದ ತೋರಸ್ರಿ." ಕೊರಳಪಟ್ಟಿಯ ಹೆಸರು ಓದಿದ. "ಶುಭಿ ಅಂದ್ರ ಯಾರ್ರಿ?"

"ನಮ್ಮಕ್ಕ ನನಗ ಹಂಗ ಕರೀತಿದ್ಲು."

ಅವನ ಕೈಯಿಂದ ಜಾಕೀಟು ತೆಗೆದುಕೊಂಡಾಗ ಅವಳ ಬೆರಳಿಗೆ ಕುಂಕುಮ ಹತ್ತಿತು. ಬೇರೆ ಮಾಲು ಮುಟ್ಟುವ ಮೊದಲು ಅದನ್ನು ಒರೆಸಿಕೊಳ್ಳಬೇಕಾಯಿತು.