ನಾಲಗೆ ಮೇಸ್ತ್ರಿಯ ಕೊನೆಯ ಶಿರಾಜ್

ಕಿರಿಮಗಳು ಅಪ್ಪನ ಬೆರಳುಗಳನ್ನು ನಿಂಬೆಹೋಳಿನಿಂದ ಮೂರನೆಯ ಸಲ ಉಜ್ಜುತ್ತಿದ್ದಳು. ಉಗುರಿನ ಸಂದಿಯ ನೇರಳೆ ಕಲೆ ಜಗ್ಗುತ್ತಿರಲಿಲ್ಲ.

"ಸಾಕು ಬಿಡೇ," ಅಂದಳು ಅಕ್ಕ. "ನಲವತ್ತು ವರ್ಷ ದ್ರಾಕ್ಷಿ ಕಿವುಚಿದ ಕೈ. ನೀನು ಉಜ್ಜಿದ ತಕ್ಷಣ ಬೆಳ್ಳಗಾಗುತ್ತಾ? ಮೂರು ಗಂಟೆಗೆ ಮಣ್ಣು. ಹೋಗಿ ಬಟ್ಟೆ ಬದಲಾಯಿಸ್ಕೋ."

ಅವಳು ಏಳಲಿಲ್ಲ. ಕಿಟಕಿಯಾಚೆ ಅಂಗಳ, ಅದನ್ನು ದಾಟಿದರೆ ವೈನ್ ಮಾಡುವ ಕಟ್ಟಡ. ಅಲ್ಲಿ ನಾಲ್ಕನೆಯ ತೊಟ್ಟಿಯಲ್ಲಿ ಶಿರಾಜ್ ದ್ರಾಕ್ಷಿ ಸಿಪ್ಪೆ ಸಮೇತ ನೊರೆಗಟ್ಟಿ ಹುದುಗುತ್ತಿತ್ತು. ಬೆಳಿಗ್ಗೆ ಯಾರಿಗೂ ಕಾಣದಂತೆ ಹೋಗಿ ಒಂದು ಗುಟುಕು ನೋಡಿ ಬಂದಿದ್ದಳು. ಮೆಣಸಿನ ಘಮ ತುಂಬಿಕೊಂಡಿತ್ತು. ಅದರ ಬೆನ್ನಿಗೇ ಒಗರು ತಲೆ ಎತ್ತಿತ್ತು. ಇವತ್ತೇ ಹಿಂಡಿ ಸಿಪ್ಪೆ ಬೇರೆ ಮಾಡಬೇಕು. ನಾಳೆಗೆ ಬಿಟ್ಟರೆ ಇಡೀ ತೊಟ್ಟಿ ನಾಲಗೆ ಹಿಡಿಯುವಷ್ಟು ಒಗರಾಗುತ್ತದೆ.

ಅದನ್ನು ರುಚಿ ನೋಡಿ ಹೇಳಬೇಕಾದವನು, ಎಲ್ಲರೂ 'ನಾಲಗೆ ಮೇಸ್ತ್ರಿ' ಎಂದು ಕರೆಯುತ್ತಿದ್ದ ಅಪ್ಪ, ನಿನ್ನೆ ಅಂಗಳದಲ್ಲೇ ಕುಸಿದುಹೋಗಿದ್ದ.

*

ಅವಳು ಶಾಲೆ ಬಿಟ್ಟು ತೊಟ್ಟಿ ತೊಳೆಯಲು ಸೇರಿದ ವರ್ಷ, ಅಪ್ಪ ದ್ರಾಕ್ಷಿ ತಳಿಗಳನ್ನು ನೆಂಟರ ಹಾಗೆ ಪರಿಚಯಿಸಿದ್ದ.

"ಪಿನೋ ನ್ವಾರ್ ನಿನ್ನ ಥರ. ತೆಳು ಸಿಪ್ಪೆ, ತಿಳಿ ಬಣ್ಣ, ಗದರಿದ್ರೆ ಮುಗೀತು. ಮೆರ್ಲೋ ನಿಮ್ಮಮ್ಮ, ಮೆತ್ತಗೆ, ಯಾರ ಜೊತೆಗೂ ಹೊಂದ್ಕೊಳ್ತಾಳೆ. ಕ್ಯಾಬರ್ನೆ ನಿಮ್ಮ ದೊಡ್ಡಪ್ಪ. ದಪ್ಪ ಸಿಪ್ಪೆ, ಮೈಯೆಲ್ಲ ಒಗರು. ಹತ್ತು ವರ್ಷ ಬಾಟಲಿಲಿ ಕೂಡಿಹಾಕಿದ್ರೆ ಒಂದು ಒಳ್ಳೆ ಮಾತಾಡ್ತಾನೆ."

"ಶಿರಾಜ್?"

"ಮೆಣಸು. ನಿಮ್ಮಕ್ಕ!"

ಮೂರು ವರ್ಷದ ಹಿಂದೆ ಒಂದು ಜ್ವರ ಅವನ ರುಚಿ, ವಾಸನೆ ಎರಡನ್ನೂ ಒಯ್ದಿತು. ರುಚಿ ನೋಡುವ ಬಟ್ಟಲನ್ನು ಅವಳ ಕೈಗಿಟ್ಟು, "ಯಾರಿಗೂ ಹೇಳ್ಬೇಡ ಮಗಾ. ಈ ಹೆಸರೊಂದು ಬಿಟ್ರೆ ನನ್ನ ಹತ್ರ ಏನಿದೆ?" ಎಂದಿದ್ದ.

ಅಂದಿನಿಂದ ಅವಳು ಮೊದಲೇ ರುಚಿ ನೋಡಿ ಪಕ್ಕದಲ್ಲಿ ನಿಲ್ಲುತ್ತಿದ್ದಳು. ಅಪ್ಪ ಎಲ್ಲರೆದುರು ಬಾಯಿ ಮುಕ್ಕಳಿಸಿ ಕಣ್ಣು ಮುಚ್ಚುತ್ತಿದ್ದ. ಅವಳ ಹಿಮ್ಮಡಿ ಒಂದು ಸಲ ನೆಲಕ್ಕೆ ಬಡಿದರೆ ಕಾಯಬೇಕು. ಎರಡು ಸಲವಾದರೆ ಹಿಂಡಬೇಕು.

"ಆಯ್ತು, ಹಿಂಡ್ರೋ!" ಎನ್ನುತ್ತಿದ್ದ ಅಪ್ಪ, ಗತ್ತಿನಿಂದ.

*

ಎರಡು ಗಂಟೆಗೆ ತೋಟದ ಒಡೆಯ ಬಂದು ಶವಪೆಟ್ಟಿಗೆಯ ಬಳಿ ಟೋಪಿ ತೆಗೆದು ನಿಂತ. ಪಕ್ಕದಲ್ಲಿ ಪೀಪಾಯಿ ಮಾಡುವ ಮುದುಕನಿದ್ದ.

"ಶಿರಾಜ್ ಯಾವಾಗ ಹಿಂಡೋದು ಅಂತ ಮೇಸ್ತ್ರಿ ಏನಾದ್ರೂ ಹೇಳಿದ್ರಾ?" ಒಡೆಯ ಪಿಸುಗುಟ್ಟಿದ.

"ಹೇಳೋಕೆ ಪುರುಸೊತ್ತೆಲ್ಲಿತ್ತು ಯಜಮಾನ್ರೇ?" ಅಂದ ಮುದುಕ.

"ನಾಳೆ ಪೇಟೆಯಿಂದ ಯಾರನ್ನಾದ್ರೂ ಕರೆಸ್ತೀನಿ. ಇಂಥ ನಾಲಗೆ ಇನ್ನೆಲ್ಲಿ ಸಿಗ್ಬೇಕು?"

ನಾಳೆ. ಕಿರಿಮಗಳು ಕಿಟಕಿಯಾಚೆ ನೋಡಿದಳು. ರುಚಿ ನೋಡುತ್ತಿದ್ದವಳು ತಾನೆಂದು ಹೇಳಿದರೆ ಅಪ್ಪನಿಗಿಂತ ಮೊದಲು ಅವನ ಹೆಸರು ಮಣ್ಣಾಗುತ್ತದೆ. ಹೇಳದಿದ್ದರೆ ಅವನ ಕೊನೆಯ ವೈನ್ ಕೆಡುತ್ತದೆ. ಯೋಚನೆ ಮುಗಿಯುವ ಮೊದಲೇ ಹಿಮ್ಮಡಿ ನೆಲಕ್ಕೆ ಎರಡು ಸಲ ಬಡಿದಿತ್ತು.

ಮುದುಕ ತಟ್ಟನೆ ಅವಳ ಕಾಲು ನೋಡಿದ. ಆಮೇಲೆ ಮುಖ.

"ಅಯ್ಯೋ, ಮೂರು ವರ್ಷದಿಂದ ಈ ಸದ್ದು ಇಲೀದು ಅಂದ್ಕೊಂಡಿದ್ನಲ್ಲ!" ಎಂದು ಗೊಣಗಿದ.

"ಏನು?" ಅಂದ ಒಡೆಯ.

"ಇವತ್ತೇ ಹಿಂಡ್ಬೇಕು," ಅಂದಳು ಅವಳು. ಒಡೆಯ ಅವಳ ದನಿ ಕೇಳಿದ್ದು ಅದೇ ಮೊದಲು.

"ಅಪ್ಪ ಹೇಳಿದ್ರಾ?"

ಅವಳು ಪೆಟ್ಟಿಗೆ ನೋಡಿದಳು. "ನಾಳೆಗೆ ಒಗರು ಜಾಸ್ತಿ ಆಗುತ್ತೆ."

ಒಡೆಯ ಮುದುಕನ ಕಡೆ ತಿರುಗಿದ.

"ಮೇಸ್ತ್ರಿ ಮಾತೇ ಅಂದ್ಕೊಳ್ಳಿ," ಮುದುಕ ಕಣ್ಣೊರೆಸಿಕೊಂಡ. "ಮಣ್ಣು ಮುಗಿಸಿ ಬಂದು ಹಿಂಡೋಣ."

ಮೂರು ಗಂಟೆಗೆ ಗುಂಡಿಯ ಬಳಿ ನಾಲ್ವರು ಹಗ್ಗ ಹಿಡಿದು, ಇಳಿಸಿ ಎಂದು ಯಾರಾದರೂ ಹೇಳಲೆಂದು ಕಾದರು. ಅಕ್ಕ ಅಳುತ್ತಿದ್ದಳು. ಕಿರಿಮಗಳು ಮುಂದೆ ಬಂದು ಬಗ್ಗಿ, ನೇರಳೆ ಹತ್ತಿದ ಬೆರಳ ಗೆಣ್ಣಿನಿಂದ ಪೆಟ್ಟಿಗೆಯ ಮೇಲೆ ಬಡಿದಳು. ಒಂದು ಸಲ. ತುಂಬ ಹೊತ್ತು ತಡೆದು, ಇನ್ನೊಂದು ಸಲ.