ಹೌದು ಎಂದವರ ಮನೆಗೆ ಮತ್ತೊಮ್ಮೆ

ಪ್ರಶ್ನೆ ಕೇಳಲು ಹೋದ ಮನೆಯಲ್ಲಿ, ಕೇಳುವುದು ಮುಗಿಯುವ ತನಕ, ವನಿತಾ ಒಂದು ಲೋಟ ನೀರನ್ನೂ ಮುಟ್ಟುತ್ತಿರಲಿಲ್ಲ. ಹೊರಗೆ ರಾಯದುರ್ಗದ ಬಂಡೆಗಳು ಕಾದ ಹೆಂಚಿನಂತೆ ಝಳ ಉಗುಳುತ್ತಿರಲಿ, ಗಂಟಲು ಒಣಗಿ ಮಾತೇ ಕೀರಲಾಗಿರಲಿ, ಮನೆಯವರು ತಂದ ಚಹಾವನ್ನು ಎರಡೂ ಕೈಯಿಂದ ಗೌರವವಾಗಿ ತೆಗೆದುಕೊಂಡು ಪಕ್ಕದಲ್ಲಿಟ್ಟು, ಕೊನೆಯ ಪ್ರಶ್ನೆಗೆ ಕೊನೆಯ ಉತ್ತರ ಬಂದ ಮೇಲೆ, ಅಷ್ಟರಲ್ಲಿ ಕೆನೆಗಟ್ಟಿ ತಣ್ಣಗಾಗಿದ್ದ ಅದನ್ನು ಒಂದೇ ಗುಟುಕಿಗೆ ಕುಡಿದು ಮುಗಿಸುತ್ತಿದ್ದರು. ಇದೇನು ವ್ರತವೆಂದು ನಾನೊಮ್ಮೆ ಕೇಳಿದ್ದೆ.

"ಚಾ ಕುಡುದ್ರ ನೆಂಟರಾಗ್ತೀವ್ರಿ. ನೆಂಟರ ಮುಂದ ಯಾರೂ ಗೊತ್ತಿಲ್ಲ ಅನ್ನಂಗಿಲ್ಲ, ಬ್ಯಾಡ ಅನ್ನಂಗಿಲ್ಲ. ಎಲ್ಲಾದಕ್ಕೂ ಹೌದಂತಾರ" ಎಂದಿದ್ದರು.

ಜನಾಭಿಪ್ರಾಯ ಸಂಗ್ರಹಿಸುವುದು ಅವರ ಉದ್ಯೋಗ. ರಾಯದುರ್ಗದಲ್ಲಿ ಹೊಲಿಗೆ ಯಂತ್ರಗಳ ಸದ್ದು ಎಡೆಬಿಡದೆ ಕೇಳುವ ಓಣಿಯೊಂದರಲ್ಲಿ ಹುಟ್ಟಿ, ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಅನಂತಪುರದ ಖಾಸಗಿ ಸಮೀಕ್ಷಾ ಸಂಸ್ಥೆಯೊಂದರಲ್ಲಿ ಕ್ಷೇತ್ರಕಾರ್ಯದ ಮುಖ್ಯಸ್ಥೆಯಾಗಿದ್ದವರು. ಸೀರೆಯ ಮೇಲೆ ಸದಾ ಒಂದು ಜೀನ್ಸ್ ಬಟ್ಟೆಯ ಕೋಟು. ಅಣ್ಣ ಹೊಲಿದುಕೊಟ್ಟದ್ದು, ಗಂಡಸರ ಅಳತೆಯದು, ತೋಳು ಎರಡು ಸಲ ಮಡಚಿದ್ದು. ಬಿಸಿಲಿಗೆ ಇದಕ್ಕಿಂತ ಒಳ್ಳೆಯ ಕೊಡೆಯಿಲ್ಲವೆಂದು ಅವರ ವಾದ. ನಡಿಗೆಯೋ, ಹೊರಡಲು ಹಾರನ್ ಹಾಕುತ್ತಿರುವ ಬಸ್ಸನ್ನು ಹಿಡಿಯಹೊರಟವರ ದಾಪುಗಾಲು; ಆದರೆ ಯಾರ ಮನೆಯ ಹೊಸ್ತಿಲ ಮುಂದೆ ಬಂದರೂ ಆ ವೇಗವೆಲ್ಲ ಇಳಿದುಹೋಗಿ, ಒಳಗಿನಿಂದ ಕರೆ ಬರುವ ತನಕ ಕಂಬದಂತೆ ನಿಂತುಬಿಡುತ್ತಿದ್ದರು. ಮಡಕಶಿರದಲ್ಲಿ ಕನ್ನಡ ಪಾಠ ಹೇಳಿಕೊಂಡಿರುವ ನನಗೆ ಅವರ ಪರಿಚಯವಾದದ್ದು ಪ್ರಶ್ನೆಗಳ ಮೂಲಕ. ತೆಲುಗಿನಲ್ಲಿ ಸಿದ್ಧವಾಗಿ ಬರುತ್ತಿದ್ದ ಪ್ರಶ್ನೆಗಳನ್ನು ಆಂಧ್ರದ ಗಡಿಯ ಕನ್ನಡ ಹಳ್ಳಿಗಳಿಗಾಗಿ ಕನ್ನಡಕ್ಕೆ ತಿರುಗಿಸಿಕೊಡುವುದು ನನ್ನ ಕೆಲಸವಾಗಿತ್ತು. ತಿರುಗಿಸಿಕೊಟ್ಟ ಪ್ರಶ್ನೆ ಜನರ ಕಿವಿಗೆ ಹೇಗೆ ಬೀಳುತ್ತದೆಂಬ ಕುತೂಹಲದಿಂದ ನಾನೂ ಅವರ ಹಿಂದೆ ಹಳ್ಳಿ ಸುತ್ತಿದೆ.

ಅವರ ಬಾಯಲ್ಲಿ ಒಂದು ಪದ ನೆಲೆನಿಂತಿತ್ತು: "ಅಂದ್ರ?" ಯಾರು ಏನು ಹೇಳಿದರೂ, ತಲೆಯನ್ನು ಕೊಂಚ ವಾಲಿಸಿ, ಹುಬ್ಬೇರಿಸದೆ, ಸವಾಲಿನ ಧ್ವನಿಯಿಲ್ಲದೆ, "ಅಂದ್ರ?" ಸರ್ಕಾರ ಸರಿಯಿಲ್ಲ ಎಂದರೆ, ಅಂದ್ರ? ಈ ಸಲ ಮಳೆ ಪರವಾಗಿಲ್ಲ ಎಂದರೆ, ಅಂದ್ರ? ಕೇಳಿ ಸುಮ್ಮನಾಗುತ್ತಿದ್ದರು. ಎದುರಿನವರು ತಡಬಡಾಯಿಸಿದರೂ ತುಂಬಿಕೊಡುತ್ತಿರಲಿಲ್ಲ. ಆ ಮೌನವನ್ನು ಸಹಿಸಲಾರದೆ ನಾನೇ ಎಷ್ಟೋ ಸಲ ಯಾರದೋ ಉತ್ತರ ಹೇಳಲು ಹೋಗಿ, ಅವರ ಒಂದು ನೋಟಕ್ಕೆ ನಾಲಿಗೆ ಕಚ್ಚಿಕೊಂಡಿದ್ದೇನೆ.

ಗುಮ್ಮಘಟ್ಟದ ಕಡೆ ಹೊಸ ಹುಡುಗಿಯರಿಗೆ ತರಬೇತಿ ಕೊಡುವಾಗ ಅವರು ಹೂಡಿದ ಒಂದು ಪ್ರಯೋಗ ನೆನಪಾಗುತ್ತದೆ. 'ಮಂದೆರಕ್ಷೆ' ಎಂಬ ಯೋಜನೆ ನಿಮಗೆ ತೃಪ್ತಿ ತಂದಿದೆಯೇ ಎಂದು ಕುರಿ ಸಾಕುವವರನ್ನು ಕೇಳಿ ಬರುವಂತೆ ಕಳಿಸಿದರು. ಅಂಥ ಯೋಜನೆ ಭೂಮಿಯ ಮೇಲೆಲ್ಲೂ ಇರಲಿಲ್ಲ. ಆದರೂ ಹೆಚ್ಚಿನವರು ತೃಪ್ತಿ ಸೂಚಿಸಿದ್ದರು, ಕೆಲವರು ಅತೃಪ್ತಿಯನ್ನೂ. ಜುಂಜಪ್ಪನೆಂಬ ಹಿರಿಯ ಕುರಿಗಾರ ವಿವರವನ್ನೇ ಕೊಟ್ಟಿದ್ದ: "ಬಾಳ ಚಲೋ ಐತ್ರಿ. ಆದ್ರ ಹೋದ ವರ್ಷ ಸೂಜಿ ಹಾಕಿ ಹ್ವಾದೋರು ತಿರುಗಿ ಬರಲಿಲ್ರಿ."

ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ವನಿತಾ ನಗಲಿಲ್ಲ. "ಆತ ಸುಳ್ಳು ಹೇಳಿಲ್ಲ. ಬಾಗಿಲಿಗೆ ಬಂದೋರನ್ನ ಬರಿಗೈಲೆ ಕಳಿಸಬಾರದಂತ, ಇನ್ಯಾವುದನ್ನೋ ನೆನಪು ಮಾಡ್ಕೊಂಡು ನಿಮ್ಮ ಮರ್ಯಾದಿ ಉಳಿಸ್ಯಾನ. ತಪ್ಪು ಕೇಳಿದೋರದು" ಎಂದು ಹೇಳಿ, ಆ ಹುಡುಗಿಯರನ್ನೇ ಮತ್ತೆ ಮನೆಮನೆಗೆ ಕಳಿಸಿ, ಅಂಥ ಯೋಜನೆಯೇ ಇಲ್ಲವೆಂದು ತಿಳಿಸಿ ಕ್ಷಮೆ ಕೇಳಿ ಬರುವಂತೆ ಮಾಡಿದರು.

ಅವರ ಹಟದ ನಿಜವಾದ ಆಳ ನನಗೆ ತಿಳಿದದ್ದು ರೊಳ್ಳ ಮಂಡಲದ ಹಳ್ಳಿಯೊಂದರಲ್ಲಿ, ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ. ರತ್ನಗಿರಿಯ ಕೋಟೆಬೆಟ್ಟ ಕಣ್ಣಿಗೆ ಬೀಳುವಷ್ಟು ದೂರದ ಊರು. ಅಲ್ಲಿನ ಪುಟ್ಟ ಕನ್ನಡ ಶಾಲೆಯನ್ನೂ ಆಸುಪಾಸಿನ ಅಂಥವೇ ಶಾಲೆಗಳನ್ನೂ ರಸ್ತೆ ಬದಿಯ ಒಂದು ದೊಡ್ಡ ಶಾಲೆಗೆ ಸೇರಿಸುವ ಪ್ರಸ್ತಾಪವೊಂದಿತ್ತು. ಅದಕ್ಕೆ ಜನರ ಒಲವು ಎಷ್ಟೆಂದು ತಿಳಿಯಲು ಸಮೀಕ್ಷೆ. ಮೇಲಿನಿಂದ ಬಂದು ನನ್ನ ಕೈಯಲ್ಲಿ ಕನ್ನಡವಾದ ಮುಖ್ಯ ಪ್ರಶ್ನೆ ಹೀಗಿತ್ತು: 'ನಿಮ್ಮ ಊರಿನ ಶಾಲೆಯು ಸಕಲ ಸೌಲಭ್ಯಗಳುಳ್ಳ ದೊಡ್ಡ ಶಾಲೆಯ ಭಾಗವಾಗುವುದಕ್ಕೆ ನಿಮ್ಮ ಒಪ್ಪಿಗೆ ಇದೆಯೇ?' ಉತ್ತರ ಹೌದು ಅಥವಾ ಇಲ್ಲ. ನಡುವೆ ಬೇರೇನನ್ನೂ ಕೇಳಕೂಡದೆಂದು ಸಂಸ್ಥೆಯ ಕಟ್ಟಪ್ಪಣೆ; ಕಾಲ ಹಾಳಾಗುತ್ತದೆಂದು. ವನಿತಾ ತುಟಿ ಬಿಗಿಹಿಡಿದು ಅದನ್ನು ಪಾಲಿಸಿದರು. ಊರಿಗೆ ಊರೇ ಹೌದೆಂದಿತು. ನೂರಕ್ಕೆ ಎಂಬತ್ತಕ್ಕೂ ಮಿಕ್ಕಿ.

ಕೊನೆಯ ಮನೆ ಕೆಂಪಕ್ಕನದು. ಕಡಲೆಕಾಯಿ ಬೆಳೆಯುವ ಕುಟುಂಬದ ಅಜ್ಜಿ, ಮೊಮ್ಮಗನನ್ನು ದಿನಾ ಶಾಲೆಗೆ ಬಿಟ್ಟುಬರುವವಳು. ಆಕೆಯೂ ಹೌದೆಂದಳು. ಕೆಲಸ ಮುಗಿಯಿತು. ವನಿತಾ ತಣ್ಣಗಾದ ಚಹಾ ಎತ್ತಿಕೊಂಡರು. ಇನ್ನು ನೆಂಟರಾಗಬಹುದಲ್ಲವೇ ಎಂಬ ಸಲಿಗೆಯಿಂದಲೋ ಏನೋ, ಅಷ್ಟು ಹೊತ್ತು ಅದುಮಿಟ್ಟಿದ್ದ ಪದ ಜಾರಿಬಂತು.

"ದೊಡ್ಡ ಶಾಲಿ ಅಂದ್ರ?"

"ಇದೇನಮ್ಮ ಹಿಂಗ್ ಕೇಳ್ತೀಯ? ನಮ್ಮೂರ್ ಇಸ್ಕೂಲ್ನ ದೊಡ್ದು ಮಾಡ್ತಾರೆ ಅಂತಲ್ವಾ? ಈಗಿರಾದು ಒಂದೇ ರೂಮು, ಅದೂ ಸೋರ್ತೈತೆ. ಇನ್ನೆಲ್ಡು ರೂಮ್ ಕಟ್ಸಿದ್ರೆ ಬ್ಯಾಡ ಅಂತ ಯಾರಂತಾರೆ?"

"ನಿಮ್ಮೂರ ಶಾಲಿ ಮುಚ್ಚತಾರಂತ ಗೊತ್ತೈತೇನ್ರಿ ಕೆಂಪಕ್ಕ?"

"ಮುಚ್ತಾರಾ?" ಮುದುಕಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. "ಮುಚ್ತೀವಿ ಅಂತ ನೀನು ಕೇಳ್ಲೇ ಇಲ್ವಲ್ಲಮ್ಮ."

ಮಡಕಶಿರದ ಬಸ್ಸು ಬರುವ ಹೊತ್ತಾಗಿತ್ತು. "ಹೋಗ್ಲಿ ಬಿಡ್ರಿ ಬಸ್ಸು" ಎಂದು ವನಿತಾ ಅದೇ ದಾಪುಗಾಲಿನಲ್ಲಿ ಬಂದ ದಾರಿಗೆ ತಿರುಗಿದರು. ಹೌದೆಂದ ಮನೆಗಳಿಗೇ ಮತ್ತೆ ಹೋದೆವು. ಒಬ್ಬರು ಒಪ್ಪಿದ್ದು ಬಸ್ಸು ಬರುತ್ತದೆಂದು, ಒಬ್ಬರು ಕಂಪ್ಯೂಟರಿಗೆಂದು, ಇನ್ನೊಬ್ಬರು ಇಷ್ಟು ದೂರ ಬಂದು ಕೇಳುವವರಿಗೆ ಇಲ್ಲವೆನ್ನುವುದು ಹೇಗೆಂದು. ಊರ ಶಾಲೆಗೆ ಬೀಗ ಬೀಳುತ್ತದೆಂಬುದಾಗಲಿ, ಪ್ರಸ್ತಾಪದಲ್ಲಿ ತೆಲುಗು, ಇಂಗ್ಲಿಷುಗಳ ಹೆಸರಿದ್ದು ಕನ್ನಡದ ಸುದ್ದಿಯೇ ಇಲ್ಲವೆಂಬುದಾಗಲಿ ಒಬ್ಬರಿಗೂ ತಿಳಿದಿರಲಿಲ್ಲ.

ಮರುದಿನ ಅನಂತಪುರದ ಕಚೇರಿಗೆ ನನ್ನನ್ನೂ ಕರೆದೊಯ್ದರು. ಸಂಸ್ಥೆಯ ಯಜಮಾನ ಭಾನುಪ್ರಕಾಶ್ ಕೆಟ್ಟವರಲ್ಲ. ತೆಲುಗು ಕನ್ನಡ ಬೆರೆಸಿ ಮಾತಾಡುವ, ಬೆವರದ, ಗಟ್ಟಿ ದನಿಯನ್ನೇ ಎತ್ತದ ಮನುಷ್ಯ. ವನಿತಾ ವರದಿಗೆ ಸಹಿ ಹಾಕುವುದಿಲ್ಲವೆಂದಾಗಲೂ ಅವರು ಸಿಟ್ಟಾಗಲಿಲ್ಲ.

"ಮೇಡಂ, ನಾವು ಥರ್ಮಾಮೀಟರ್ ಇದ್ದ ಹಾಗೆ. ಇರುವ ಜ್ವರವನ್ನು ತೋರಿಸುತ್ತೇವೆ. ಅಷ್ಟೇ ನಮ್ಮ ಕೆಲಸ."

"ಥರ್ಮಾಮೀಟರ್ ಬಾಯಾಗಿಟ್ರ ಜ್ವರ ಬರಂಗಿಲ್ರಿ. ನಮ್ಮ ಪ್ರಶ್ನೆ ಇಟ್ರ ಅಭಿಪ್ರಾಯ ಬರ್ತೈತಿ. ಆ ಊರಾಗ ನಾವು ಹೋಗೋತನಕ ಯಾರಿಗೂ ಅಭಿಪ್ರಾಯ ಇರಲಿಲ್ಲ. ನಾವು ಇಟ್ಟು, ನಾವೇ ತಕ್ಕೊಂಡು ಬಂದೀವಿ."

"ಎಲ್ಲ ತಿಳಿದವರ ಮಾತನ್ನಷ್ಟೇ ಎಣಿಸುವುದಾದರೆ ನಾಳೆ ಚುನಾವಣೆಯನ್ನೂ ನಿಲ್ಲಿಸಬೇಕಾಗುತ್ತೆ."

ಇದು ಹುಸಿ ವಾದವಲ್ಲ. ವನಿತಾ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು. "ಚುನಾವಣಿಗೆ ಜನ ಕಟ್ಟಿ ಮ್ಯಾಲೆ, ಹೋಟೆಲ್ನ್ಯಾಗ, ಮನ್ಯಾಗ ಜಗಳಾಡಿ ಬಂದು ಓಟು ಒತ್ತತಾರ್ರಿ. ನಾವು ಬಾಗಿಲು ಬಡಿದು ಒಂದೇ ಉಸಿರಿನ್ಯಾಗ ಕೇಳ್ತೀವಿ. ಅವರಿಗೂ ಜಗಳಾಡಾಕ ಒಂದು ಅವಕಾಶ ಕೊಡ್ರಿ. ಆಮ್ಯಾಲೆ ಎಷ್ಟು ಬಂದ್ರೂ ಸಹಿ ಹಾಕ್ತೀನಿ."

ವರದಿ ಸೋಮವಾರ ಹೋಗಲೇಬೇಕು, ಅಷ್ಟರೊಳಗೆ ಬೇಕಾದ್ದು ಮಾಡಿಕೊಳ್ಳಿ, ಆದರೆ ಸಹಿಯಿಲ್ಲದಿದ್ದರೆ ಮುಂದಿನ ಕೆಲಸಕ್ಕೆ ನಿಮ್ಮನ್ನು ಕರೆಯುವುದು ಕಷ್ಟ ಎಂದು ಭಾನುಪ್ರಕಾಶ್ ಮೆಲ್ಲಗೆ ಹೇಳಿದರು. ವನಿತಾ ಕೋಟಿನ ತೋಳು ಮಡಚಿಕೊಂಡು ಎದ್ದರು.

ಭಾನುವಾರ ಊರ ಶಾಲೆಯ ಆ ಒಂದೇ ಕೋಣೆಯಲ್ಲಿ ಜನ ಸೇರಿದರು. ನಾನು ಕನ್ನಡಿಸಿದ ಪ್ರಸ್ತಾಪವನ್ನು ವನಿತಾ ಆದಿಯಿಂದ ಕಡೆಯವರೆಗೆ ಓದಿದರು. ಅನುಕೂಲವನ್ನೂ ಬಿಡಲಿಲ್ಲ: ಪ್ರತಿ ತರಗತಿಗೊಬ್ಬ ಶಿಕ್ಷಕರು, ಪ್ರಯೋಗಾಲಯ, ಆಟದ ಬಯಲು. ಓದಿ ಮುಗಿಸುವಷ್ಟರಲ್ಲಿ ಹಿಪ್ಪುನೇರಳೆ ಬೆಳೆಯುವ ಮನೆಯ ಸೌಭಾಗ್ಯ ಎಂಬ ತಾಯಿ, ಸೊಂಟದ ಮೇಲೆ ಮಗು, ಎದ್ದು ನಿಂತಳು.

"ಅಕ್ಕ, ಮೊನ್ನೆ ಕೇಳಿದ್ದೂ ನೀವೇ, ಇವತ್ತು ಓದಿದ್ದೂ ನೀವೇ, ನಾಳೆ ಬಂದು ಕೇಳಾದೂ ನೀವೇ. ಮೊನ್ನೆ ಹೂಂ ಅಂದಿದ್ದು ನಿಮ್ ಮುಖ ನೋಡಿ. ಇವತ್ತು ಬ್ಯಾಡ ಅಂದ್ರೆ ಅದು ಮಾತ್ರ ನಮ್ ಮಾತು ಹೆಂಗಾಯ್ತದೆ?"

ವನಿತಾರ ಮುಖದಿಂದ ಬಣ್ಣ ಇಳಿದದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಅವರು ಕೈಯಲ್ಲಿದ್ದ ಹಾಳೆಗಳನ್ನು ಸೌಭಾಗ್ಯಳ ಕೈಗೆ ಕೊಟ್ಟು, "ನೀವು ಹೇಳೋದು ಖರೇ ಐತಿ. ನೀವೇ ಓದ್ಕೊಳ್ರಿ, ನೀವೇ ಮಾತಾಡ್ರಿ. ನಾನು ಹೊರಗ ಇರ್ತೀನಿ. ನಾಳೆ ಕೇಳಾಕೂ ನಾನು ಬರಂಗಿಲ್ಲ, ಬ್ಯಾರೆಯವರನ್ನ ಕಳಿಸ್ತೀನಿ" ಎಂದು ಹೊರಬಂದು, ಬೀದಿಯಾಚೆಯ ಬಸ್ ತಂಗುದಾಣದ ಕಲ್ಲಿನ ಮೇಲೆ ಕುಳಿತರು. ನಾನೂ ಕುಳಿತೆ. ಒಳಗಿನಿಂದ ಏರುದನಿಗಳು ಕೇಳಿಬರುತ್ತಿದ್ದವು. ಹಳ್ಳ ದಾಟುವ ದಾರಿಯ ಮಾತು, ಮಳೆಗಾಲದಲ್ಲಿ ಸಣ್ಣ ಮಕ್ಕಳನ್ನು ಹೊತ್ತು ದಾಟಿಸುವವರಾರೆಂಬ ಮಾತು, ಮೇಷ್ಟ್ರೊಬ್ಬರೇ ಐದು ತರಗತಿಗೆ ಏನು ಕಲಿಸಿಯಾರೆಂಬ ಮಾತು. ಪ್ರಸ್ತಾಪ ಬರೆದವರಿಗೆ ಆ ಹಳ್ಳ ಗೊತ್ತಿರಲಿಲ್ಲ. ಊರವರಿಗೆ ಪ್ರಸ್ತಾಪ ಗೊತ್ತಿರಲಿಲ್ಲ. ಎರಡೂ ಒಂದೇ ಕೋಣೆಯಲ್ಲಿ ಸಂಧಿಸಿದ್ದು ಅಂದೇ.

ನನಗೆ ಒಳಗೊಳಗೆ ಹಿಗ್ಗು. ಕನ್ನಡ ಶಾಲೆ ಉಳಿಯುತ್ತದೆ, ಇನ್ನೇನು ಊರೆಲ್ಲ ಬೇಡವೆನ್ನುತ್ತದೆ ಎಂದು ಆಡಿಯೇಬಿಟ್ಟೆ. ವನಿತಾ ನನ್ನತ್ತ ತಿರುಗಿದರು. "ನನಗೂ ಅದು ಉಳೀಬೇಕಂತ ಆಸೆ ಐತ್ರಿ ಸರ್. ನಾನೂ ಕನ್ನಡ ಶಾಲ್ಯಾಗ ಕಲ್ತಾಕಿ. ಆದ್ರ ನಮಗ ಬೇಕಾದ ಉತ್ತರ ಬರ್ಲಿ ಅಂತ ಕುಂತ್ರ, ನಮಗೂ ಆ ಪ್ರಶ್ನೆ ಬರೆದೋರಿಗೂ ಏನು ಫರಕೈತಿ?"

ಮರುದಿನ ಬೆಳಿಗ್ಗೆ ತಂಡದ ಬೇರೆ ಹುಡುಗಿಯರು ಮನೆಮನೆಗೆ ಹೋದರು. ಏನಾಗಲಿದೆ ಎಂಬುದನ್ನು ಮೊದಲು ಮನೆಯವರ ಬಾಯಿಂದಲೇ ಹೇಳಿಸಿ, ಬೇಕೋ ಬೇಡವೋ ಎಂದು ಆಮೇಲೆ ಕೇಳಿದರು. ಹೌದೆಂದವರು ಅರ್ಧಕ್ಕಿಂತ ಕಡಿಮೆಯಾಗಿದ್ದರು. ಬೇಡವೆಂದವರೂ ಅರ್ಧ ಮುಟ್ಟಿರಲಿಲ್ಲ. ಉಳಿದವರು, ಇನ್ನೂ ತಿಳಿಯದು, ಯೋಚಿಸಬೇಕು ಎಂದಿದ್ದರು. ಕೆಂಪಕ್ಕ ಬೇಡವೆಂದಿದ್ದಳು. ಮತ್ತು ಸೌಭಾಗ್ಯ, ಆ ಕೋಣೆಯಲ್ಲಿ ಎದ್ದು ನಿಂತವಳು, ದೊಡ್ಡ ತರಗತಿಯವರ ಮಟ್ಟಿಗೆ ಹೌದೆಂದಿದ್ದಳು. ಆಕೆ ಹೇಳಿದ್ದನ್ನು ಹುಡುಗಿ ಹಾಗೆಯೇ ಬರೆದುಕೊಂಡು ಬಂದಿದ್ದಳು: "ನಾನು ಕನ್ನಡ ಒಂದೇ ಓದ್ದೋಳು. ಮಡಕಶಿರದ ಆಫೀಸಲ್ಲಿ ಒಂದು ತೆಲುಗು ಅರ್ಜಿ ಓದಕ್ಕೆ ಇವತ್ತೂ ಇನ್ನೊಬ್ರನ್ನ ಹುಡುಕ್ಬೇಕು. ನನ್ನ ಮಗಳಿಗೆ ಅದು ಬ್ಯಾಡ. ಸಣ್ಣೋರು ಮಾತ್ರ ಇಲ್ಲೇ ಇರ್ಲಿ."

ಅದನ್ನು ಓದಿ ನನಗೆ ಮುಖಭಂಗವಾದಂತಾಯಿತು. ವನಿತಾ ಎರಡು ಸಲ ಓದಿ, "ಇದು ಮಾತು" ಎಂದಷ್ಟೇ ಹೇಳಿ, ಮೊದಲ ಸಮೀಕ್ಷೆಯ ಎಣಿಕೆಯನ್ನೂ ಎರಡನೆಯದನ್ನೂ ಅಕ್ಕಪಕ್ಕದಲ್ಲಿಟ್ಟು, ಎರಡರ ಅಂತರಕ್ಕೆ ಕಾರಣ ಬರೆದು, ಸಹಿ ಹಾಕಿ ಆ ಸಂಜೆಯೇ ಮುಟ್ಟಿಸಿದರು.

ಭಾನುಪ್ರಕಾಶ್ ಮೊದಲ ಎಣಿಕೆಯನ್ನು ಮಾತ್ರ ತಮ್ಮದೇ ಸಹಿಯಿಂದ ಕಳಿಸಿದರು. ತಾವು ಕೇಳಿದ ವರದಿಗೆ ಸಹಿ ಬೀಳದ್ದರಿಂದ, ಹೇಳಿದ್ದಂತೆ ವನಿತಾರನ್ನು ಮತ್ತೆ ಕರೆಯಲೂ ಇಲ್ಲ. ಆದರೆ ಅಷ್ಟರಲ್ಲಿ ಊರಿಗೆ ಸಮೀಕ್ಷೆಯ ಹಂಗು ತಪ್ಪಿತ್ತು. ಸೌಭಾಗ್ಯ, ಕೆಂಪಕ್ಕ ಇಬ್ಬರೂ, ಒಬ್ಬಳದು ಹೌದು ಒಬ್ಬಳದು ಬೇಡ ಎಂಬ ಭೇದವನ್ನು ಮುಚ್ಚಿಡದೆಯೇ, ಒಟ್ಟಿಗೆ ಗ್ರಾಮಸಭೆಯಲ್ಲಿ ನಿಂತು ಮಾತಾಡಿದರು. ಸಭೆಯ ನಿರ್ಣಯ ಮೇಲಿನವರಿಗೆ ಮುಟ್ಟಿ, ಸಣ್ಣ ತರಗತಿಗಳು ಊರಲ್ಲೇ ಉಳಿದವು. ದೊಡ್ಡ ಮಕ್ಕಳು ಹೋದರು. ಹಳ್ಳಕ್ಕೆ ಸೇತುವೆಯಾಗುವ ತನಕ ಮಳೆಗಾಲದಲ್ಲಿ ಸುತ್ತುಬಳಸಿ ಬಸ್ಸು ಓಡಬೇಕೆಂದಾಯಿತು. ದೊಡ್ಡ ಶಾಲೆಯಲ್ಲಿ ಕನ್ನಡವನ್ನೂ ಒಂದು ವಿಷಯವಾಗಿ ಕಲಿಸಬೇಕೆಂಬ ಬೇಡಿಕೆ ಇನ್ನೂ ಓಡಾಡುತ್ತಿದೆ. ವನಿತಾ ಈಗ ರಾಯದುರ್ಗದಲ್ಲಿ ನಾಲ್ಕಾರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು, ಕೇಳುವ ಕೆಲಸವನ್ನು ತಮ್ಮದೇ ಷರತ್ತಿನಲ್ಲಿ ನಡೆಸುತ್ತಿದ್ದಾರೆ. ಕೆಲಸ ಕಡಿಮೆ, ಆ ಷರತ್ತುಗಳನ್ನು ಒಪ್ಪುವವರು ವಿರಳ. ಅವರೇನೂ ಸಡಿಲಿಸಿಲ್ಲ.

ಜನರಿಗೆ ಎಲ್ಲವೂ ಗೊತ್ತು ಎಂದು ವೇದಿಕೆಯ ಮೇಲೆ ಕೈಮುಗಿಯುವವರನ್ನು ನಾನು ಬಹಳ ಕಂಡಿದ್ದೇನೆ. ಜನರಿಗೆ ಏನು ಮಹಾ ಗೊತ್ತು ಎಂದು ಕುರ್ಚಿಗೆ ಒರಗಿ ನಗುವವರನ್ನೂ ಕಂಡಿದ್ದೇನೆ. ಈ ಇಬ್ಬರಿಗೂ ಜನರನ್ನು ಎರಡನೆಯ ಸಲ ಕೇಳುವ ಅಗತ್ಯ ಬೀಳುವುದಿಲ್ಲ. ವನಿತಾ ಅವರ ಬಗೆಯವರಿಗೆ ಆ ನೆಮ್ಮದಿಯಿಲ್ಲ. ಮನುಷ್ಯನೊಬ್ಬನ ಮಾತು ಅವನ ತಿಳಿವಿನಿಂದ ಹೊರಟಿತೋ, ಸೌಜನ್ಯದಿಂದಲೋ, ಸುಮ್ಮನೆ ಆಯಾಸದಿಂದಲೋ ಎಂದು ಅರಿಯುವ ತನಕ ಅವರು ಅದನ್ನು ಎಣಿಕೆಗೆ ಸೇರಿಸಲಾರರು. ಅರಿತ ಮೇಲೆ, ಅದು ತಮ್ಮ ಆಸೆಗೆ ಎಷ್ಟೇ ವಿರುದ್ಧವಾಗಿದ್ದರೂ, ಒಂದಕ್ಷರ ತಿದ್ದಲಾರರು. ಇಂಥವರು ಎಲ್ಲ ಕಾಲದಲ್ಲೂ ಕೆಲವರೇ ಇರುತ್ತಾರೆ, ಅವರಿಂದ ಯಾರ ಕೆಲಸವೂ ಬೇಗ ಮುಗಿಯುವುದಿಲ್ಲ. ಆದರೂ ಊರೊಂದಕ್ಕೆ ತನ್ನ ಮನಸ್ಸು ಏನೆಂದು ತನಗೇ ತಿಳಿಯುವುದು, ಇಂಥವರೊಬ್ಬರು ಕೇಳಿ, ಉತ್ತರಕ್ಕಾಗಿ ಕಾದಾಗ ಮಾತ್ರ.